ಕಡಿಮೆ ದುಡ್ಡಿನ ಡೆಸ್ಕ್‌ಟಾಪ್: ಎಲ್ಲಿ ಉಳಿಸಿದೆ, ಎಲ್ಲಿ ಉಳಿಸಲಿಲ್ಲ

ನನ್ನ ಹಳೇ ಡೆಸ್ಕ್‌ಟಾಪ್‌ನ ಪ್ರೊಸೆಸರ್ ಇಂಟೆಲ್‌ನ 6ನೇ ತಲೆಮಾರಿನದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಬಹುದಿತ್ತು, ಆದರೆ ನನ್ನ ಲೆಕ್ಕಪತ್ರದ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲ. ಹೊಸದು ಬೇಕೇ ಆಯಿತು.

ನಾನು ಗೇಮ್ ಆಡುವುದಿಲ್ಲ. ಬರವಣಿಗೆ, ಲೆಕ್ಕ, ಸ್ವಲ್ಪ ಫೋಟೋ ತಿದ್ದುವುದು, ಅಷ್ಟೇ. ಹಾಗಾಗಿ ಗ್ರಾಫಿಕ್ಸ್ ಕಾರ್ಡನ್ನು ಮೊದಲೇ ಕೈಬಿಟ್ಟೆ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಧಾರಾಳವಾಗಿ ಸಾಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಎಫ್' ಇದ್ದರೆ ಮಾತ್ರ ಹುಷಾರು. ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಕಾರ್ಡ್ ಇಲ್ಲದೆ ಪರದೆ ಮೇಲೆ ಏನೂ ಬರುವುದಿಲ್ಲ.

ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಬಗ್ಗೆ. 16 ಜಿಬಿಯ ಒಂದೇ ಸ್ಟಿಕ್ ಬೇಡ ಅಂತ 8ರ ಎರಡು ತಗೊಂಡೆ. ಆಗ ಎರಡು ಚಾನೆಲ್‌ನಲ್ಲಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ, ಡೇಟಾ ಬೇಗ ಓಡುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ ಅಲ್ವಾ, ಅದೂ ಇದೇ ರ‍್ಯಾಮನ್ನು ಬಳಸುತ್ತದೆ. ಅದಕ್ಕೇ ಈ ವೇಗ ಮುಖ್ಯ.

ಫೈಲುಗಳನ್ನಿಡುವ ವೇಗದ ಡ್ರೈವ್, ಅಂದರೆ ಎಸ್‌ಎಸ್‌ಡಿ, 500 ಜಿಬಿ. ಹಳೇ ಫೋಟೋಗಳಿಗೆ ಹಳೇ ಹಾರ್ಡ್‌ಡಿಸ್ಕ್. ಮಾನಿಟರ್, ಕೀಬೋರ್ಡ್ ಕೂಡ ಹಳೆಯವೇ.

ಪವರ್ ಸಪ್ಲೈನಲ್ಲಿ ಮಾತ್ರ ದಯವಿಟ್ಟು ಉಳಿಸಬೇಡಿ. ಅದು ಕೆಟ್ಟರೆ ಜೊತೆಗೆ ಮದರ್‌ಬೋರ್ಡನ್ನೂ ಸುಡಬಹುದು. ಪವರ್ ಸಪ್ಲೈ ಮೇಲಿರುವ 80 ಪ್ಲಸ್ ಗುರುತು ವಿದ್ಯುತ್ ಎಷ್ಟು ಪೋಲಾಗುತ್ತದೆ ಎನ್ನುವುದನ್ನಷ್ಟೇ ಹೇಳುತ್ತದೆ. ಸುಮ್ನೆ ಅದನ್ನು ನೋಡಿ ಕೊಳ್ಳದೆ, ವಾರಂಟಿ ಎಷ್ಟು ವರ್ಷ ಅಂತಲೂ ಕೇಳಿ.