ನಮ್ಮ ನಲಿ-ಕಲಿ ಕೋಣೆಯ ಓದು-ಬರಹ: ಇಲ್ಲಿಯವರೆಗೆ

ಮಂಡ್ಯ ಕಡೆಯ ಹಳ್ಳಿ ಶಾಲೆ ನಮ್ಮದು. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ನಲಿ-ಕಲಿ ಕೋಣೆಯಲ್ಲಿ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸೋ ಪದ್ಧತಿ. ಈ ವರ್ಷ ಹಿಡಿದ ಕೆಲಸ ಇಷ್ಟೇ: ಒಂದು ಮಗು ಬರೆದದ್ದನ್ನು ಇನ್ನೊಂದು ಮಗು ಓದಬೇಕು. ನಾನು ಓದೋದು ಕೊನೆಗೆ.

ಜೂನ್, ಜುಲೈ

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ನನಗೆ ಜಾಸ್ತಿ ಇಷ್ಟವಾಗೋದು ಅಕ್ಷರಗಳ ಸಾಲು. ಅ ಆ ಇ ಈ ಬಿಟ್ಟು ರ ಗ ಸ ದ ಅ ಎಂದು ಹೊರಡುತ್ತದೆ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಬರೆಯಬಹುದು. ಒಂದನೇ ತರಗತಿಯವರು ಗೋಡೆಯ ಕೆಳಗಿರುವ ಕರಿಹಲಗೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಒಂದು ಪದ ಬರೆಯುತ್ತಾರೆ. ಆಮೇಲೆ ಪಕ್ಕಕ್ಕೆ ಸರಿದು ಅಲ್ಲಿದ್ದದ್ದನ್ನು ಓದುತ್ತಾರೆ. ಎಲ್ಲರಿಗೂ ಗರಗಸವೇ ಬೇಕು.

ಆಗಸ್ಟ್

ಎರಡು, ಮೂರನೇ ತರಗತಿಯವರು ಬಿಸಿಯೂಟ ಆದ ಮೇಲೆ ಒಂದೆರಡು ಸಾಲು ಬರೆಯುತ್ತಾರೆ. ಮೊದಲು ಅದನ್ನೆಲ್ಲ ಚಪ್ಪರಕ್ಕೆ, ಅಂದರೆ ಕೋಣೆಯಲ್ಲಿ ತಲೆ ಮೇಲೆ ಕಟ್ಟಿದ ದಾರಗಳಿಗೆ, ನೇತು ಹಾಕುತ್ತಿದ್ದೆವು. ನೋಡೋಕೆ ಚೆಂದ, ಭೇಟಿಗೆ ಬಂದವರೂ ಮೆಚ್ಚುತ್ತಾರೆ. ಆದರೆ ತಲೆ ಮೇಲೆ ತೂಗಾಡೋ ಹಾಳೆಯನ್ನು ಓದೋರ್ಯಾರು? ಈಗ ಹಾಳೆ ಮಡಚಿ, ಸೂಜಿ ದಾರದಲ್ಲಿ ಹೊಲಿದು ಪುಟ್ಟ ಪುಸ್ತಕ ಮಾಡುತ್ತೇವೆ. ಪ್ರಥಮ್ ಬುಕ್ಸ್‌ನ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್‌ನಿಂದ ಪ್ರಿಂಟ್ ತೆಗೆದ ಒಂದನೇ ಹಂತದ ಕಥೆಗಳ ಪಕ್ಕದಲ್ಲೇ ಇವಕ್ಕೂ ಜಾಗ.

ಸೆಪ್ಟೆಂಬರ್

ಅಸಲು ಮಜಾ ಇಲ್ಲಿಂದ. ಮೂರನೇ ತರಗತಿಯ ಹುಡುಗನೊಬ್ಬ ‘ಅಜಿ ಮುದೆ ಕಟಿದರು’ ಎಂದು ಬರೆದ. ನಾನಾಗಿದ್ದರೆ ಅಂದಾಜಿನಲ್ಲೇ ಅಜ್ಜಿ, ಮುದ್ದೆ ಎಂದು ಓದಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಿದ್ದೆ. ಎರಡನೇ ತರಗತಿಯವರಿಗೆ ಆ ಅಂದಾಜು ಇನ್ನೂ ಬಂದಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಗಟ್ಟಿಯಾಗಿ ‘ಅ-ಜಿ ಮು-ದೆ’ ಎಂದೇ ಓದಿದರು. ಬರೆದವನು ಹಾಳೆ ಕಿತ್ತುಕೊಂಡು ತಾನೇ ಒತ್ತು ಹಾಕಿದ. ಉಕ್ತಲೇಖನದಲ್ಲಿ ಎಷ್ಟು ಹೇಳಿದರೂ ಆಗದ ಕೆಲಸ ಇದು.

ಆದರೆ ಎಲ್ಲ ತಪ್ಪೂ ಕಿವಿಗೆ ಸಿಗೋದಿಲ್ಲ. ನಮ್ಮ ಕಡೆ ಮಾತಿನಲ್ಲಿ ಹಕಾರವೇ ಬಿದ್ದುಹೋಗುತ್ತದೆ, ಹಾಲೂ ಆಲೇ. ಇನ್ನೊಬ್ಬ ‘ಅಕ್ಕಿ ಮರದಲ್ಲಿ ಗೂಡು ಕಟ್ಟಿದೆ’ ಎಂದು ಬರೆದಿದ್ದ. ಜೋರಾಗಿ ಓದಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಕೊನೆಗೆ ಒಬ್ಬಳು ಪ್ರಿಂಟ್ ಪುಸ್ತಕ ತಂದು, ಹಕ್ಕಿ ಚಿತ್ರದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. “ಇದು ಅನ್ನದ ಅಕ್ಕಿ ಕಣ್ಲಾ, ಆರೋ ಅಕ್ಕಿ ಅಲ್ಲ!” ಅವಳ ಬಾಯಲ್ಲೂ ಎರಡೂ ಅಕ್ಕಿಯೇ! ವ್ಯತ್ಯಾಸ ಗೊತ್ತಾಗಿದ್ದು ಕಣ್ಣಿಗೆ. ಓದಿದ ಪುಟ ಅವಳ ತಲೆಯಲ್ಲಿ ಉಳಿದಿತ್ತು, ಅಷ್ಟೇ.

ಅಲ್ಲಿಂದ ಬರೆಯುವಾಗ ಪುಸ್ತಕ ತೆರೆದು ನೋಡಬಹುದು ಎಂದು ಬಿಟ್ಟಿದ್ದೇನೆ. ನೋಡಿ ಬರೆಯೋದು ಕಾಪಿ ಹೊಡೆದಂತಲ್ವಾ ಅಂತ ಕೇಳುವವರಿದ್ದಾರೆ. ಬೇಕಾದ ಪದ ಯಾವ ಪುಟದಲ್ಲಿದೆ ಎಂದು ಹುಡುಕೋಕೆ ಓದಲೇಬೇಕು. ಸುಮ್ನೆ ಕಾಪಿಗೆ ಅಷ್ಟು ಕೆಲಸ ಇಲ್ಲ.

ದಸರಾ ರಜೆ ನಂತರ

ಚಿಕ್ಕ ಮಕ್ಕಳ ಓದು-ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಯಂತೆ ಮೂರನೇ ತರಗತಿ ಮುಗಿಯೋ ಹೊತ್ತಿಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಸಮೇತ ಓದಬೇಕು. ಆ ಲೆಕ್ಕವೂ ಇಡುತ್ತಿದ್ದೇನೆ. ಆದರೆ ನಿಧಾನವಾಗಿ ಓದುವ ಒಬ್ಬಳು ಬರೆದ, ಎಮ್ಮೆ ತಪ್ಪಿಸಿಕೊಂಡ ಪುಸ್ತಕವೇ ಓದಿ ಓದಿ ಎಲ್ಲಕ್ಕಿಂತ ಮೊದಲು ಹರಿದಿದ್ದು. ಆ ಲೆಕ್ಕಕ್ಕೆ ಕಾಲಂ ಇಲ್ಲ.

ಈಗ ಸಿಕ್ಕಿಕೊಂಡಿರೋದು

ಅರ್ಕಾವತ್ತು. ‘ಸೂರ್ಯ’ದಲ್ಲಿ ರ್ ಮೊದಲು ಕೇಳುತ್ತದೆ, ಗುರುತು ಮಾತ್ರ ಕೊನೆಗೆ ಕೂರುತ್ತದೆ. ಮಕ್ಕಳು ಕೇಳಿದ ಹಾಗೆ ಬರೆಯುತ್ತಾರೆ, ಬರೆದ ಹಾಗೆ ಓದುತ್ತಾರೆ. ಎರಡೂ ಕಡೆ ಎಡವಟ್ಟು. ಕಥೆಗಳಲ್ಲಿ ಇಂಥ ಪದ ಹುಡುಕಿ ಗೋಡೆಗೆ ಅಂಟಿಸೋ ಕೆಲಸ ಮೂರನೇ ತರಗತಿಯವರಿಗೆ ಕೊಟ್ಟಿದ್ದೇನೆ. ಸಂಕ್ರಾಂತಿವರೆಗೆ ಇದೇ.