ಅರಬ್ಬಿ ಪೂಜೆಯಲ್ಲಿ ಅಲ್ಲಾಹ್ ಎಲ್ಲೆಲ್ಲಿ

ದುಬೈಯ ಸೇಂಟ್ ಮೇರೀಸ್ ಚರ್ಚಿಗೆ ಕೊಂಕಣಿ ಪೂಜೆಗೆಂದು ಹೋಗುವ ನಮ್ಮ ಕರಾವಳಿಯವರು ಒಮ್ಮೆ ಅರಬ್ಬಿ ಪೂಜೆಗೂ ಕೂರಬೇಕು. ಲೆಬನಾನ್, ಸಿರಿಯಾ, ಈಜಿಪ್ಟಿನ ಕ್ರೈಸ್ತರಿಗೆ ದೇವರೆಂದರೆ ಅಲ್ಲಾಹ್. ಹಾಗಂತ ಪೂಜೆಯುದ್ದಕ್ಕೂ ಅದೇ ಕೇಳಿಸುತ್ತದೆಂದು ಕಾದರೆ ನಿರಾಸೆ ಖಂಡಿತ.

ಶಿಲುಬೆ ಗುರುತಿನಲ್ಲೇ ಅದಿಲ್ಲ. 'ಬಿಸ್ಮಿಲ್ ಆಬ್, ವಲ್ ಇಬ್ನ್, ವರ್‌ರೂಹಿಲ್ ಕುದುಸ್' ಎಂದು ಪಿತ, ಸುತ, ಪವಿತ್ರಾತ್ಮರನ್ನು ಹೆಸರಿಸಿ, ಕೊನೆಗೆ 'ಅಲ್ ಇಲಾಹಿಲ್ ವಾಹಿದ್', ಅಂದರೆ ಒಬ್ಬನೇ ದೇವರು, ಎಂದು ಸೇರಿಸುತ್ತಾರೆ. ನಿಮಗೆ ಮೂವರು ದೇವರಲ್ಲವೇ ಎಂದು ಕೇಳುವವರಿಗೆ ಉತ್ತರ ಅಲ್ಲೇ ಸಿಕ್ಕಿತು. ಆಮೇಲೆ 'ಯಾ ರಬ್ ಇರ್‌ಹಮ್', ಪ್ರಭುವೇ ಕರುಣಿಸು. ಪ್ರಭು ಎನ್ನುವ ಕಡೆಯೆಲ್ಲ ರಬ್.

ಮಹಿಮಾಗೀತೆಯ ಮೊದಲ ಸಾಲಲ್ಲಿ ಅದು ಬರುತ್ತದೆ: 'ಅಲ್ ಮಜ್ದು ಲಿಲ್ಲಾಹ್ ಫಿಲ್ ಉಲಾ', ಉನ್ನತದಲ್ಲಿ ದೇವರಿಗೆ ಮಹಿಮೆ. ಹೊಸಬರ ಕಿವಿ ತಪ್ಪುವುದು ಇಲ್ಲೇ. 'ಲಿ' ಪ್ರತ್ಯಯ ಹತ್ತಿದೊಡನೆ ಅಲ್ಲಾಹ್‌ನ ಮೊದಲ ಅಕಾರ ಬಿದ್ದುಹೋಗುತ್ತದೆ. ಹಿಂದಿನ ಸ್ವರ ಇಕಾರವಾದ್ದರಿಂದ ಲಕಾರವೂ ತೆಳುವಾಗುತ್ತದೆ. ಬೈಬಲ್ ವಾಚನದ ನಂತರದ 'ಅಶ್ಶುಕ್ರು ಲಿಲ್ಲಾಹ್', ದೇವರಿಗೆ ಕೃತಜ್ಞತೆ, ಕೂಡ ಹಾಗೆಯೇ. ಪರಮಪ್ರಸಾದಕ್ಕೆ ಮುಂಚಿನ 'ಯಾ ಹಮಲಲ್ಲಾಹ್', ದೇವರ ಕುರಿಮರಿಯೇ, ಎಂಬಲ್ಲಿ ಮಾತ್ರ ಹಿಂದೆ ಅಕಾರ. ಲಕಾರ ನಾಲಿಗೆಯ ಬುಡದಿಂದ ದಪ್ಪವಾಗಿ ಏಳುತ್ತದೆ. ಜಪಮಾಲೆ ಹೇಳುವವರಿದ್ದರೆ 'ಯಾ ವಾಲಿದತಲ್ಲಾಹ್', ದೇವಮಾತೆಯೇ, ಎಂಬುದನ್ನೂ ಕೇಳಿ. ಅದೇ ದಪ್ಪ ಲಕಾರ.

ವಿಶ್ವಾಸ ಪ್ರಮಾಣದ ಮೊದಲ ಸಾಲಲ್ಲಿ ಮತ್ತೆ ಮಾಯ. 'ಒಬ್ಬ ದೇವರನ್ನು ನಂಬುತ್ತೇವೆ' ಅನ್ನಲು ಸಾಮಾನ್ಯ ನಾಮವೇ ಬೇಕು, 'ಬಿ ಇಲಾಹಿನ್ ವಾಹಿದ್'. ಅಲ್ಲಾಹ್ ಅಂಕಿತನಾಮದ ಹಾಗೆ ನಿಂತ ಪದ, ಅದಕ್ಕೆ 'ಒಬ್ಬ' ಹತ್ತುವುದಿಲ್ಲ. 'ಅಬಾನಾ', ನಮ್ಮ ತಂದೆಯೇ, ಎಂದು ಶುರುವಾಗುವ ಪರಲೋಕ ಮಂತ್ರದಲ್ಲಿ ಅದು ಒಮ್ಮೆಯೂ ಇಲ್ಲ.

ಅರಬ್ಬಿ ಬೈಬಲ್ಲಿನಲ್ಲಿ ಹುಡುಕುವುದು ಸುಲಭ. 1865ರಲ್ಲಿ ಬೈರೂತಿನಲ್ಲಿ ಪೂರ್ಣಗೊಂಡ ವ್ಯಾನ್ ಡೈಕ್ ಅನುವಾದದ ಮೊದಲ ವಾಕ್ಯದಲ್ಲೇ ಆಕಾಶ, ಭೂಮಿಯನ್ನು ಸೃಷ್ಟಿಸಿದವನು ಅಲ್ಲಾಹ್. ಹೀಬ್ರೂವಿನ ಯೆಹೋವ ಬಂದ ಕಡೆ ಬಹುಪಾಲು ಅರ್‌ರಬ್.

ಮಲೇಷ್ಯಾದಲ್ಲಿ ಒಂದು ಕ್ಯಾಥೊಲಿಕ್ ವಾರಪತ್ರಿಕೆ ಮಲಯ ಭಾಷೆಯಲ್ಲಿ ಈ ಪದ ಬಳಸಿದ್ದಕ್ಕೆ ಕೋರ್ಟು ಮೆಟ್ಟಿಲೇರಬೇಕಾಯಿತು: 2009ರಲ್ಲಿ ಗೆದ್ದಿತು, 2013ರ ಮೇಲ್ಮನವಿಯಲ್ಲಿ ಸೋತಿತು. ಅರಬ್ ಕ್ರೈಸ್ತರಿಗೆ ಆ ಜಗಳವೇ ವಿಚಿತ್ರ. ಅಬ್ದುಲ್ಲಾ ಅವರ ಮನೆಗಳಲ್ಲೂ ಇಡುವ ಹೆಸರು. ಬೆಳ್ತಂಗಡಿ ಕಡೆಯ ಸುರಿಯಾನಿ ಕ್ರೈಸ್ತರಿಗೂ ಅಲ್ಲಾಹ್ ಎಂಬ ಪದ ತೀರಾ ಹೊಸದೆನಿಸದು. ಅವರ ಪರಂಪರೆಯ ಸುರಿಯಾನಿ ಪ್ರಾರ್ಥನೆಯಲ್ಲಿ ದೇವರು 'ಅಲಾಹಾ'.