ಮಾವನ ಝೆನ್‌ಗೆ ಮೂರನೇ ಪೆಡಲ್

9 ಜೂನ್ 2024, ಭಾನುವಾರ
ಬೆಂಗಳೂರು

ಎರಡು ಸಲ ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಗ್ರೀಸ್ ಹೋಗಿಲ್ಲ. ಹೋಗದಿದ್ದರೆ ಬಿಡಲಿ. ಸೋದರಮಾವನ ಆಟೋಮ್ಯಾಟಿಕ್ ಮಾರುತಿ ಝೆನ್ ಕಾರು ಇವತ್ತು ಕ್ಲಚ್ ಗಾಡಿಯಾಗಿ ಓಡಿತು.

ಅದರ ಮೂರು ಸ್ಪೀಡಿನ ಗೇರ್‌ಬಾಕ್ಸ್ ಕೈಕೊಟ್ಟು ಆರು ತಿಂಗಳಾಗಿತ್ತು. ಡ್ರೈವ್‌ಗೆ ಹಾಕಿದರೆ ಇಂಜಿನ್ ಸುಮ್ನೆ ಕೂಗುತ್ತಿತ್ತು, ಗಾಡಿ ನಿಂತಲ್ಲೇ. ಎಣ್ಣೆ ಕಪ್ಪಾಗಿ ಸೀದ ವಾಸನೆ ಬರುತ್ತಿತ್ತು. ಒಳಗಿನ ಸಾಮಾನು ಕೇಳಿದರೆ ಜೆ.ಸಿ. ರಸ್ತೆಯ ಅಂಗಡಿಯವರು ಕೈ ಆಡಿಸಿಬಿಟ್ಟರು. ಮಾರಿಬಿಡಿ ಅಂದರೆ ಮಾವ ಮಾತೇ ಬಿಟ್ಟರು. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಮ್ಯಾನ್ಯುಯಲ್ ಝೆನ್ ಒಂದರ ಐದು ಗೇರಿನ ಬಾಕ್ಸ್ ಸಿಕ್ಕಿತು. ಅದರ ಜೊತೆಗೆ ಫ್ಲೈವೀಲ್, ಪೆಡಲ್ ಸೆಟ್, ಗೇರ್ ರಾಡ್, ಆಕ್ಸಲ್, ಮೌಂಟಿಂಗ್, ಬೋಲ್ಟು ಸಮೇತ ಎತ್ತಿಕೊಂಡು ಬಂದೆವು. ಬಾಕ್ಸ್ ಒಂದನ್ನೇ ತಂದವನ ಪಾಡು ನಾಯಿಪಾಡು.

ಆಟೋಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಬದಲು ಕೆಲಸ ಮಾಡುವ ಟಾರ್ಕ್ ಕನ್ವರ್ಟರ್ ಕುಂಬಳಕಾಯಿ ಹಾಗೆ ಕೆಳಗಿಳಿಯಿತು, ಹೊಟ್ಟೆ ತುಂಬ ಎಣ್ಣೆ. ಅದರ ಹಿಂದೆ ಇಂಜಿನ್‌ಗೆ ಅಂಟಿಕೊಂಡಿದ್ದದ್ದು ತೆಳ್ಳಗಿನ ಫ್ಲೆಕ್ಸ್ ಪ್ಲೇಟ್, ಹೆಚ್ಚುಕಮ್ಮಿ ಹಲ್ಲಿರುವ ತಟ್ಟೆ. ಕ್ಲಚ್‌ಗೆ ಅದು ಆಗಲ್ಲ. ಕ್ಲಚ್ ಪ್ಲೇಟ್ ಕಚ್ಚಿ ಹಿಡಿಯಲು ದಪ್ಪ, ನಯವಾದ ಮುಖ ಬೇಕು. ಕನ್ವರ್ಟರ್‌ನ ತೂಕ ಹೋದ ಮೇಲೆ ಇಂಜಿನ್ ಒಂದೇ ಸಮ ತಿರುಗಲು ಭಾರವೂ ಬೇಕು. ಅದಕ್ಕೇ ಫ್ಲೈವೀಲ್. ಮೆಕ್ಯಾನಿಕ್ ಭಾಯ್ ಹಳೇ ಶಾಫ್ಟಿನ ತುಂಡು ತೂರಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಕ್ಲಚ್ ಪ್ಲೇಟನ್ನು ನಟ್ಟನಡುವೆ ಕೂರಿಸಿದರು. ಚೂರು ಆಚೀಚೆ ಆದರೂ ಬಾಕ್ಸ್ ಒಳಗೆ ಹೋಗಲ್ಲವಂತೆ. ಹಳೇ ಬಾಕ್ಸಿನ ಎಣ್ಣೆ ತಣಿಸಲು ರೇಡಿಯೇಟರ್‌ಗೆ ಹೋಗುತ್ತಿದ್ದ ಎರಡು ಪೈಪಿನ ಬಾಯಿ ಮುಚ್ಚಿದೆವು. ಕಾರ್ಬ್ಯುರೇಟರ್ ಗಾಡಿಯಾದ್ದರಿಂದ ಕಂಪ್ಯೂಟರ್ ಗಲಾಟೆ ಇರಲಿಲ್ಲ.

ಎಲ್ಲ ಜೋಡಿಸಿ ಕೀ ತಿರುಗಿಸಿದೆ. ಟಿಕ್ ಅನ್ನಲೂ ಇಲ್ಲ.

ಬ್ಯಾಟರಿ ನೋಡಿದೆ, ಫ್ಯೂಸ್ ನೋಡಿದೆ, ಅರ್ಧ ಗಂಟೆ ಹಾಳು. ಭಾಯ್ ಟೀ ಕುಡಿಯುತ್ತಾ ನಕ್ಕರು. "ಸಾರ್, ಗಾಡಿ ಇನ್ನೂ ಪಾರ್ಕಲ್ಲಿ ಹಾಕಿ ಅಂತ ಕಾಯ್ತಾ ಇದೆ!" ಆಟೋಮ್ಯಾಟಿಕ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸ್ಟಾರ್ಟರ್‌ಗೆ ಕರೆಂಟ್ ಹೋಗುವುದು, ಅಲ್ವಾ? ಆ ಸ್ವಿಚ್ ಹಳೇ ಬಾಕ್ಸಿನ ಜೊತೆ ಮೂಲೆ ಸೇರಿತ್ತು. ಭಾಯ್ ಎರಡು ವೈರ್ ಕೂಡಿಸಿ ಟೇಪ್ ಸುತ್ತಿದರು.

ಮತ್ತೆ ಕೀ ತಿರುಗಿಸಿದೆ. ಗಾಡಿ ಕಪ್ಪೆ ಹಾಗೆ ಹಾರಿ ಮುಂದಿದ್ದ ಬಕೆಟ್ ಪುಡಿ ಮಾಡಿತು. ಪರೀಕ್ಷೆಗೆ ಅಂತ ಫಸ್ಟ್ ಗೇರಿಗೆ ಹಾಕಿದ್ದವನು ನಾನೇ. ಆ ಸ್ವಿಚ್ ಯಾಕಿತ್ತು ಅಂತ ಆಗ ಅರ್ಥವಾಯಿತು.

ರಸ್ತೆಗೆ ಇನ್ನೂ ಇಳಿಸಿಲ್ಲ. ಆರ್‌ಸಿಯ ವಿವರಕ್ಕೂ ಗಾಡಿಗೂ ತಾಳೆಯಾಗದಂತೆ ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಮೊದಲು ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಹೇಳಬೇಕು. ಇದನ್ನು ಕೆಲಸ ಶುರುಮಾಡುವ ಮೊದಲೇ ಮಾಡಬೇಕಿತ್ತು, ಗೊತ್ತು.

ಸಂಜೆ ಕಾಂಪೌಂಡ್ ಒಳಗೇ ಮಾವ ಕೂತರು. ಅವರು ಕಲಿತದ್ದು ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಇದ್ದ ಅಂಬಾಸಿಡರ್‌ನಲ್ಲಿ. ಎಡಗೈ ಮೊದಲು ಅಲ್ಲಿಗೇ ಹೋಯಿತು. ಮೂರು ಸಲ ಇಂಜಿನ್ ಆಫ್, ನಾಲ್ಕನೇ ಸಲ ಹೊರಟೇಬಿಟ್ಟರು. "ಕಾಲು ಮರೆತಿಲ್ಲ ಕಣೋ!" ಅಂತ ಕಿಟಕಿಯಿಂದ ಕೂಗಿದರು.

ಅತ್ತೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. "ಎಲ್ಲ ಸರಿ ಕಣಪ್ಪಾ, ನಂಗೆ ಆಟೋಮ್ಯಾಟಿಕ್ ಬಿಟ್ಟು ಬೇರೆ ಬರಲ್ಲ. ಇನ್ಮೇಲೆ ನಾನೇನು ಓಡಿಸ್ಲಿ?"

ನಾನು ಭಾಯ್ ಮುಖ ನೋಡಿದೆ. ಅವರು ಸ್ಪ್ಯಾನರ್ ಒರೆಸತೊಡಗಿದರು.